ಹತ್ತು ಗಂಟೆಗೆ ತೆರೆಯುವ ಗೇಟು: ನಮೀಬಿಯಾಕ್ಕೆ ಕರೆದೊಯ್ಯುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, ಮೈಸೂರು, ಮಂಗಳೂರಿನಿಂದ ಗುಂಪು ಕಟ್ಟಿಕೊಂಡು ನಮೀಬಿಯಾಕ್ಕೆ ಜನರನ್ನು ಕರೆದೊಯ್ಯುವ ಟೂರ್ ಆಯೋಜಕರಿಗೆ, ಫೋಟೊಗ್ರಫಿ ಕ್ಲಬ್ಬುಗಳ ಗೆಳೆಯರಿಗೆ ನಮಸ್ಕಾರ.

ನಾನು ನಿಮ್ಮ ಗಿರಾಕಿ. ಬ್ಯಾಂಕ್ ಕೆಲಸದಿಂದ ನಿವೃತ್ತಳಾದ ಮೇಲೆ ಕ್ಯಾಮೆರಾ ಹಿಡಿದವಳು. ಮೊದಲು ಕಬಿನಿ, ರಂಗನತಿಟ್ಟು. ಆಮೇಲೆ ಕೀನ್ಯಾ. ಆಮೇಲೆ ನಮೀಬಿಯಾ. ನಿಮ್ಮಲ್ಲೇ ಒಬ್ಬರ ಜೊತೆ ಹೋಗಿದ್ದೆ. ಯಾರು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ "ಇದು ನಮಗಲ್ಲ" ಅಂದುಕೊಂಡು ಇಲ್ಲಿಗೇ ಓದುವುದನ್ನು ನಿಲ್ಲಿಸುತ್ತೀರಿ.

ನಾವು ಹೋದದ್ದು ಆಗಸ್ಟಿನಲ್ಲಿ. ಹನ್ನೊಂದು ಜನ, ಎರಡು ಗಾಡಿ. ಸ್ವಕೋಪ್‌ಮುಂಡ್‌ ಅನ್ನುವ ಕರಾವಳಿ ಪಟ್ಟಣದಲ್ಲಿ ರಾತ್ರಿ ತಂಗಿ, ಬೆಳಗ್ಗೆ ಸೀಲ್ ಅನ್ನುವ ಕಡಲ ಪ್ರಾಣಿಗಳು ಸಾವಿರಾರು ಸೇರುವ ಕೇಪ್ ಕ್ರಾಸ್‌ಗೆ ಹೊರಡುವುದು ಅಂತ ಪ್ಲಾನು. ಆ ಪಟ್ಟಣದಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರು. ಗುಂಪಿನಲ್ಲಿ ನಾಲ್ಕು ಜನ ಒಳ್ಳೆಯ ಫೋಟೊಗ್ರಾಫರುಗಳು. ಅವರಿಗೆ ಬೆಳಗಿನ ಬೆಳಕು ಬೇಕು. "ಐದಕ್ಕೇ ಹೊರಡೋಣ, ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರೋಣ" ಅಂತ ಹಠ ಹಿಡಿದರು. ನಮ್ಮ ಡ್ರೈವರ್, ಗೈಡ್ ಎರಡೂ ಆಗಿದ್ದ ಸ್ಥಳೀಯ ಹುಡುಗ ತಲೆಯಾಡಿಸಿದ. ಗೇಟು ತೆಗೆಯುವುದೇ ಹತ್ತಕ್ಕೆ ಅಂದ. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸರ್ಕಾರಿ ಆಫೀಸು ಅಂದರೆ ಹತ್ತಕ್ಕೇ ಅಲ್ವಾ ಅಂದುಕೊಂಡು ಇನ್ನೊಂದು ಕಾಫಿ ಕುಡಿದೆವು.

ಕೇಪ್ ಕ್ರಾಸ್ ಹತ್ತಿರದ ದಾರಿ ಉಪ್ಪಿನದು. ನಿಜವಾಗಿಯೂ ಉಪ್ಪು ಹಾಕಿ ಗಟ್ಟಿ ಮಾಡಿದ ರಸ್ತೆ. ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ತಣ್ಣಗಿನ ಅಟ್ಲಾಂಟಿಕ್, ನಡುವೆ ಮಂಜು. ರಸ್ತೆ ಬದಿ ಸಣ್ಣ ಮೇಜಿನ ಮೇಲೆ ಉಪ್ಪಿನ ಹರಳುಗಳನ್ನು ಇಟ್ಟಿರುತ್ತಾರೆ. ಮಾರುವವರು ಇರುವುದಿಲ್ಲ, ಪಕ್ಕದಲ್ಲಿ ಒಂದು ಡಬ್ಬ ಇರುತ್ತದೆ. ಬೇಕಾದ ಹರಳು ತೆಗೆದುಕೊಂಡು ದುಡ್ಡು ಹಾಕಿ ಹೋಗಬೇಕು. ಅಂಥ ನಂಬಿಕೆಯ ಜನ. ಆ ದೇಶ ನನಗೆ ತುಂಬ ಇಷ್ಟವಾಯಿತು. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕೇಪ್ ಕ್ರಾಸ್‌ನಲ್ಲಿ ಮೊದಲು ಬರುವುದು ವಾಸನೆ. ಅದನ್ನು ಬರೆದು ತಿಳಿಸಲು ಆಗುವುದಿಲ್ಲ. ಆಮೇಲೆ ಸದ್ದು. ಕಣ್ಣು ಮುಚ್ಚಿಕೊಂಡರೆ ಸಿರಾ ಕಡೆಯ ದೊಡ್ಡದೊಂದು ಕುರಿ ಸಂತೆಯಲ್ಲಿ ನಿಂತ ಹಾಗೆ. ಸಾವಿರಾರು ಮರಿಗಳು ತಾಯಿಯನ್ನು ಕೂಗುತ್ತವೆ, ತಾಯಂದಿರು ಸಮುದ್ರದಿಂದ ಬಂದು ಉತ್ತರ ಕೊಡುತ್ತಾರೆ. ಅಷ್ಟು ಗದ್ದಲದಲ್ಲೂ ಪ್ರತಿ ತಾಯಿ ತನ್ನ ಮರಿಯನ್ನು ದನಿಯಿಂದ ಗುರುತಿಸುತ್ತಾಳೆ, ಹತ್ತಿರ ಬಂದ ಮೇಲೆ ಮೂಸಿ ಖಚಿತ ಮಾಡಿಕೊಳ್ಳುತ್ತಾಳೆ. ಬೇರೆ ಮರಿ ಬಂದರೆ ಅಟ್ಟುತ್ತಾಳೆ. ಅಟ್ಟಣೆಯ ಮೇಲೆ ನಿಂತು ಇದನ್ನು ಒಂದು ಗಂಟೆ ನೋಡಿದೆ. ನನ್ನ ಕಾಲ ಕೆಳಗೇ ಒಂದು ಮರಿ ಹಾಲು ಕುಡಿಯುತ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೀಲ್‌ಗೆ ಕನ್ನಡದಲ್ಲಿ ನಮ್ಮದೇ ಆದ ಹೆಸರಿಲ್ಲ. ನಮ್ಮ ಕಡಲಲ್ಲಿ ಅದು ಇಲ್ಲ, ಹಾಗಾಗಿ ಹೆಸರೂ ಇಲ್ಲ. ಕೆಲವರು ನೀರುನಾಯಿ ಅನ್ನುತ್ತಾರೆ, ಅದು ತಪ್ಪು. ನೀರುನಾಯಿ ನಮ್ಮ ತುಂಗಭದ್ರೆಯಲ್ಲಿ, ಕಾವೇರಿಯಲ್ಲಿ ಇರುವ ಬೇರೆಯೇ ಪ್ರಾಣಿ. ಅದಕ್ಕಾಗಿ ತುಂಗಭದ್ರೆಯಲ್ಲಿ 2015ರಲ್ಲಿ ಒಂದು ಮೀಸಲು ಪ್ರದೇಶವನ್ನೇ ಮಾಡಿದ್ದೇವೆ. ಆದ್ದರಿಂದ ಸೀಲ್ ಅಂತಲೇ ಬರೆಯುತ್ತೇನೆ. ಕೇಪ್ ಕ್ರಾಸ್‌ನಲ್ಲಿರುವುದು ಕೇಪ್ ಫರ್ ಸೀಲ್. ದಕ್ಷಿಣ ಆಫ್ರಿಕಾ, ನಮೀಬಿಯಾ, ಅಂಗೋಲಾದ ಕರಾವಳಿ ಬಿಟ್ಟರೆ ಈ ಸೀಲ್ ಬೇರೆಲ್ಲೂ ಇಲ್ಲ. ಆಸ್ಟ್ರೇಲಿಯಾದಲ್ಲಿರುವುದು ಅದರ ದಾಯಾದಿ.

ವಾಪಸ್ ಬರುವಾಗ ಗಾಡಿಯಲ್ಲಿ ನಾನು ಮುಂದಿನ ಸೀಟಿನಲ್ಲಿದ್ದೆ. ಸುಮ್ನೆ ಮಾತಿಗೆ ಅಂತ ಕೇಳಿದೆ, ಹತ್ತು ಗಂಟೆ ಯಾಕೆ, ಬೇಗ ತೆಗೆದರೆ ಜಾಸ್ತಿ ಜನ ಬರಲ್ವಾ ಅಂತ. ಹುಡುಗ ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡುತ್ತಿದ್ದ. "ಅಮ್ಮಾ, ಬೆಳಗ್ಗೆ ಅಲ್ಲಿ ಬೇರೆ ಕೆಲಸ ಇರುತ್ತದೆ" ಅಂದ.

ಆ ಬೇರೆ ಕೆಲಸ ಏನು ಅಂತ ನಿಮಗೆಲ್ಲ ಗೊತ್ತಿದೆ ಅಂತ ನನ್ನ ಅನುಮಾನ. ಗೊತ್ತಿಲ್ಲದಿದ್ದರೆ ಈಗ ತಿಳಿಯಿರಿ.

ಪ್ರತಿ ವರ್ಷ ಜುಲೈ 1ರಿಂದ ನವೆಂಬರ್ 15ರವರೆಗೆ ನಮೀಬಿಯಾದಲ್ಲಿ ಸೀಲ್ ಬೇಟೆಯ ಕಾಲ. ಜಾಗ ಮೂರು: ಕೇಪ್ ಕ್ರಾಸ್, ದಕ್ಷಿಣದ ವುಲ್ಫ್ ಬೇ, ಅಟ್ಲಾಸ್ ಬೇ. ಬೆಳಗಿನ ಜಾವ ಕೆಲಸಗಾರರು ಮರಿಗಳ ಗುಂಪನ್ನು ಸಮುದ್ರದಿಂದ ಬೇರ್ಪಡಿಸಿ ಒಳಕ್ಕೆ ಅಟ್ಟುತ್ತಾರೆ. ದೊಣ್ಣೆಯಿಂದ ತಲೆಗೆ ಹೊಡೆದು, ಚೂರಿ ಹಾಕಿ ರಕ್ತ ಬಸಿಯುತ್ತಾರೆ. ದೊಡ್ಡ ಗಂಡುಗಳನ್ನು ಗುಂಡಿಟ್ಟು ಕೊಲ್ಲುತ್ತಾರೆ. ಮರಿಗಳು ಹುಟ್ಟುವುದು ನವೆಂಬರ್, ಡಿಸೆಂಬರಿನಲ್ಲಿ. ಅಂದರೆ ಜುಲೈನಲ್ಲಿ ಅವುಗಳಿಗೆ ಏಳೆಂಟು ತಿಂಗಳು, ಇನ್ನೂ ಹಾಲು ಬಿಟ್ಟಿರುವುದಿಲ್ಲ. ಹಲವು ವರ್ಷ ಸರ್ಕಾರ ಕೊಡುತ್ತಿದ್ದ ಕೋಟಾ 80,000 ಮರಿ, 6,000 ಗಂಡು. ಕೋಟಾ ಪೂರ್ತಿ ತುಂಬದ ವರ್ಷಗಳು ಇದ್ದವು ಅನ್ನುವುದನ್ನೂ ಹೇಳಬೇಕು. ಮರಿಯ ಚರ್ಮ ತುಪ್ಪಳದ ಕೋಟಿಗೆ. ಗಂಡಿನ ಜನನಾಂಗ ಏಷ್ಯಾದ ಕೆಲವು ಮಾರುಕಟ್ಟೆಗಳಿಗೆ, ಗಂಡಸುತನದ ಔಷಧಿ ಅಂತ.

ಈಗ ಗೇಟಿನ ವಿಷಯಕ್ಕೆ ಬನ್ನಿ. ವರ್ಷದ ಉಳಿದ ದಿನಗಳಲ್ಲಿ ಕೇಪ್ ಕ್ರಾಸ್ ಗೇಟು ತೆರೆಯುವುದು ಬೆಳಗ್ಗೆ 8ಕ್ಕೆ. ಬೇಟೆಯ ಕಾಲದಲ್ಲಿ ಮಾತ್ರ 10ಕ್ಕೆ. ನಾನು ಮಂಜು ನೋಡುತ್ತಾ ಎರಡನೇ ಕಾಫಿ ಕುಡಿದ ಹೊತ್ತು ಯಾವುದಕ್ಕೆ ಮೀಸಲಾಗಿತ್ತು ಅಂತ ಮನೆಗೆ ಬಂದು ಫೋಟೊಗಳಿಗೆ ಅಡಿಬರಹ ಬರೆಯುವಾಗ ತಿಳಿಯಿತು. ಆರುನೂರು ಫೋಟೊ ತೆಗೆದಿದ್ದೆ. ಒಂದನ್ನೂ ಯಾರಿಗೂ ಕಳಿಸಲಿಲ್ಲ.

ಅವರು ಇದಕ್ಕೆ ಬಳಸುವ ಸರ್ಕಾರಿ ಪದವನ್ನು ಕನ್ನಡಕ್ಕೆ ತಂದರೆ "ಕೊಯ್ಲು" ಅಂತಾಗುತ್ತದೆ. ನಮ್ಮೂರಲ್ಲಿ ಕೊಯ್ಲು ಅಂದರೆ ಭತ್ತ, ಅಡಿಕೆ. ಬಿತ್ತಿದವರು ಕೊಯ್ಯುತ್ತಾರೆ. ಇಲ್ಲಿ ಬಿತ್ತಿದವರು ಯಾರು?

ನೀವು ಕೇಳಬಹುದು, ಇದನ್ನು ತಡೆಯಲು ಅಲ್ಲಿಯ ಜನ, ಅಲ್ಲಿಯ ಕಾನೂನು ಇಲ್ವಾ ಅಂತ. ಪ್ರಯತ್ನಗಳಾಗಿವೆ. 2009ರ ಜುಲೈನಲ್ಲಿ ಒಬ್ಬ ಬ್ರಿಟಿಷ್ ಪತ್ರಕರ್ತ, ಒಬ್ಬ ದಕ್ಷಿಣ ಆಫ್ರಿಕಾದ ಕ್ಯಾಮೆರಾಮನ್ ಕೇಪ್ ಕ್ರಾಸ್‌ನಲ್ಲಿ ಬೇಟೆಯನ್ನು ಚಿತ್ರೀಕರಿಸಲು ಹೋದಾಗ ಕೆಲಸಗಾರರು ಅವರ ಮೇಲೇ ಬಿದ್ದರು. ಆಮೇಲೆ ಪೊಲೀಸರು ಹಿಡಿದದ್ದು ಹೊಡೆದವರನ್ನಲ್ಲ, ಚಿತ್ರ ತೆಗೆದವರನ್ನು. ಅನುಮತಿಯಿಲ್ಲದೆ ಮೀಸಲು ಜಾಗಕ್ಕೆ ಹೋದರು ಅಂತ ಕೋರ್ಟು ದಂಡ ಹಾಕಿತು. ಆಮೇಲೆ ಪ್ರಾಣಿಪರ ಸಂಘಟನೆಗಳು ಸರ್ಕಾರದ ಮೇಲಿನ ದೂರು ವಿಚಾರಿಸುವ ಅಲ್ಲಿಯ ಅಧಿಕಾರಿ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟವು. ಅವರು ಪರಿಶೀಲಿಸಿ 2012ರಲ್ಲಿ ಬೇಟೆ ಕಾನೂನಿನ ಪ್ರಕಾರವೇ ನಡೆಯುತ್ತಿದೆ ಅಂದುಬಿಟ್ಟರು. ನಮೀಬಿಯಾದ ಸಂವಿಧಾನವೇ ಜೀವಸಂಪತ್ತನ್ನು ಮುಗಿಯದ ಹಾಗೆ ಬಳಸಿಕೊಳ್ಳಬಹುದು ಅನ್ನುತ್ತದೆ. ಸರ್ಕಾರ ಹಿಡಿದಿರುವುದು ಅದನ್ನೇ.

ಹಾಗಾಗಿ ಕಾನೂನಿನ ದಾರಿ ಸದ್ಯಕ್ಕೆ ಮುಚ್ಚಿದೆ. ಚರ್ಮದ ಮಾರುಕಟ್ಟೆಯ ದಾರಿ ಅರ್ಧ ತೆರೆದಿದೆ. ಅಮೆರಿಕ 1972ರಲ್ಲೇ ಸೀಲ್ ಉತ್ಪನ್ನ ಬೇಡ ಅಂದಿತು. ಯುರೋಪಿನ ಒಕ್ಕೂಟ 2009ರಲ್ಲಿ ಅಂದಿತು. ನಮ್ಮ ಭಾರತವೂ 2018ರಲ್ಲಿ ಸೀಲ್ ಚರ್ಮದ ಆಮದನ್ನು ನಿಷೇಧಿಸಿತು. ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಪಕ್ಕದ ದಕ್ಷಿಣ ಆಫ್ರಿಕಾ ಕೂಡ 1990ರಲ್ಲಿ ಬೇಟೆ ನಿಲ್ಲಿಸಿತು. ಅದೇ ಸೀಲ್, ಅದೇ ಸಮುದ್ರ, ನಡುವೆ ಒಂದು ಗಡಿ.

ಉಳಿದಿರುವ ದಾರಿ ಪ್ರವಾಸೋದ್ಯಮ. ಅಲ್ಲಿ ನೀವು ಇದ್ದೀರಿ, ನಾನೂ ಇದ್ದೇನೆ.

2011ರಲ್ಲಿ ಕೆಲವು ಪ್ರಾಣಿಪರ ಸಂಸ್ಥೆಗಳು ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞರಿಂದ ಒಂದು ಲೆಕ್ಕ ಹಾಕಿಸಿದವು. 2008ರಲ್ಲಿ ಸೀಲ್ ಕೊಂದು ನಮೀಬಿಯಾಕ್ಕೆ ಬಂದದ್ದು ಸುಮಾರು 5 ಲಕ್ಷ 13 ಸಾವಿರ ಡಾಲರ್. ಅದೇ ವರ್ಷ ಸೀಲ್ ನೋಡಲು ಬಂದವರು ಖರ್ಚು ಮಾಡಿದ್ದು ಸುಮಾರು 20 ಲಕ್ಷ ಡಾಲರ್. ಒಂದು ಲಕ್ಷಕ್ಕೂ ಹೆಚ್ಚು ಜನ ನೋಡಲು ಬಂದಿದ್ದರು. ಲೆಕ್ಕ ಹಾಕಿಸಿದವರು ಬೇಟೆಯ ವಿರೋಧಿಗಳು, ಅದನ್ನು ನೆನಪಿಟ್ಟುಕೊಂಡೇ ಓದೋಣ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವಳು ನಾನು, ಸಾಲ ಕೇಳಲು ಬಂದವರು ತಂದ ಲೆಕ್ಕವನ್ನು ಹಾಗೇ ನಂಬುವವಳಲ್ಲ. ಆದರೂ ಅಂತರ ನಾಲ್ಕು ಪಟ್ಟು. ಅರ್ಧ ಕಳೆದರೂ ನೋಡುವವರ ದುಡ್ಡೇ ಜಾಸ್ತಿ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಬೇಟೆಯ ಕೋಟಾ ಕೊಡುವುದು ಮೀನುಗಾರಿಕೆ ನೋಡಿಕೊಳ್ಳುವ ಇಲಾಖೆ. ನಾವು ಗೇಟಿನಲ್ಲಿ ಕಟ್ಟುವ ದುಡ್ಡು ಹೋಗುವುದು ಪರಿಸರ ಮತ್ತು ಪ್ರವಾಸೋದ್ಯಮದ ಕಡೆಗೆ. ಒಂದು ಇಲಾಖೆ ಬೆಳಗ್ಗೆ ಕೊಲ್ಲಲು ಅನುಮತಿ ಕೊಡುತ್ತದೆ, ಇನ್ನೊಂದು ಇಲಾಖೆ ಹತ್ತು ಗಂಟೆಗೆ ಟಿಕೆಟು ಹರಿಯುತ್ತದೆ. ಇಬ್ಬರಿಗೂ ತೊಂದರೆಯಿಲ್ಲ. ಟಿಕೆಟು ಹರಿಯುವವರಿಗೆ ತೊಂದರೆಯಾದರೆ ಮಾತ್ರ ಅವರು ಪಕ್ಕದ ಕಟ್ಟಡಕ್ಕೆ ಹೋಗಿ "ಏನ್ರೀ ಇದು" ಅಂತ ಕೇಳುತ್ತಾರೆ. ಸರ್ಕಾರಿ ಇಲಾಖೆಗಳು ಎಲ್ಲ ದೇಶದಲ್ಲೂ ಹಾಗೇ.

ಸರ್ಕಾರದ ವಾದವನ್ನೂ ಕೇಳೋಣ. ಸೀಲ್ ಜಾಸ್ತಿಯಾಗಿವೆ, ಮೀನೆಲ್ಲ ತಿಂದು ಮುಗಿಸುತ್ತವೆ, ಬಡವರಿಗೆ ಕೆಲಸ ಬೇಕು. ಕೆಲಸದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಾಲ್ಕೂವರೆ ತಿಂಗಳ ಕೂಲಿಯಾದರೂ ಕೂಲಿಯೇ. ಮರಳುಗಾಡಿನ ಅಂಚಿನಲ್ಲಿ ದೊಣ್ಣೆ ಹಿಡಿದ ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ಬೇರೆ ಕೆಲಸ ಸಿಕ್ಕರೆ ಅವನು ಅಲ್ಲಿ ನಿಲ್ಲುತ್ತಿರಲಿಲ್ಲ.

ಆದರೆ ಮೀನಿನ ಮಾತು ಬೇರೆ. ನಮೀಬಿಯಾದ ಕಡಲಲ್ಲಿ ಒಂದು ಮೀನಿದೆ, ನಮ್ಮ ಬೂತಾಯಿಯ ಹತ್ತಿರದ ನೆಂಟ. 1968ರಲ್ಲಿ ಆ ಕಡಲಿನಿಂದ ಹಡಗುಗಳು ಹಿಡಿದ ಆ ಮೀನು ಸುಮಾರು 14 ಲಕ್ಷ ಟನ್. ನಮೀಬಿಯಾ ಆಗ ಸ್ವತಂತ್ರ ದೇಶವೂ ಆಗಿರಲಿಲ್ಲ, ದಕ್ಷಿಣ ಆಫ್ರಿಕಾದ ಕೈಯಲ್ಲಿತ್ತು. ಆಮೇಲೆ ಮೀನು ಕುಸಿಯಿತು, ಇವತ್ತಿಗೂ ಸುಧಾರಿಸಿಕೊಂಡಿಲ್ಲ. 2018ರಲ್ಲಿ ಅಲ್ಲಿಯ ಸರ್ಕಾರವೇ ಆ ಮೀನು ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ಮೀನು ಇದ್ದ ಜಾಗವನ್ನು ಎಷ್ಟೋ ಕಡೆ ಲೋಳೆಮೀನು ತುಂಬಿಕೊಂಡಿತು. 14 ಲಕ್ಷ ಟನ್ ತಿಂದದ್ದು ಸೀಲ್ ಅಲ್ಲ. ಸೀಲ್ ಸಾವಿರಾರು ವರ್ಷ ಅದೇ ಕಡಲಲ್ಲಿ, ಅದೇ ಮೀನಿನ ಜೊತೆ ಬದುಕಿತ್ತು.

ನಮ್ಮ ಕರಾವಳಿಯಲ್ಲೂ ಬೂತಾಯಿ ಕೈಕೊಟ್ಟ ವರ್ಷಗಳಿವೆ. ಮಲ್ಪೆಯಲ್ಲಿ ಬೋಟುಗಳು ದಡದಲ್ಲೇ ನಿಂತವು. ಆಗ ಯಾರೂ ಡಾಲ್ಫಿನ್ ಹೊಡೆಯಲು ದೊಣ್ಣೆ ಹಿಡಿದು ಹೋಗಲಿಲ್ಲ.

ಸೀಲ್‌ಗಳು ಜಾಸ್ತಿಯಾಗಿ ಮೆರೆಯುತ್ತಿವೆ ಅನ್ನುವುದೂ ಪೂರ್ತಿ ಸರಿಯಲ್ಲ. 1990ರ ದಶಕದ ಮಧ್ಯದಲ್ಲಿ ಮೀನಿಲ್ಲದೆ ಈ ಕರಾವಳಿಯಲ್ಲಿ ಸೀಲ್‌ಗಳು ಗುಂಪುಗುಂಪಾಗಿ ಹಸಿವಿನಿಂದ ಸತ್ತವು. 2020ರ ಅಕ್ಟೋಬರಿನಲ್ಲಿ ವಾಲ್ವಿಸ್ ಬೇ ಹತ್ತಿರದ ಪೆಲಿಕನ್ ಪಾಯಿಂಟ್‌ನಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಸಾವಿರಾರು ಮರಿಗಳು ಸತ್ತು ಬಿದ್ದಿದ್ದವು.

ಪೆಲಿಕನ್ ಪಾಯಿಂಟ್ ಹೆಸರು ಬಂತು, ಅಲ್ಲಿಯ ಒಂದು ಕತೆ ಹೇಳಬೇಕು. ಅಲ್ಲಿ ಪ್ರವಾಸಿಗಳನ್ನು ಪುಟ್ಟ ದೋಣಿಯಾದ ಕಯಾಕ್‌ನಲ್ಲಿ ಕೂರಿಸಿಕೊಂಡು ಸೀಲ್‌ಗಳ ನಡುವೆ ಕರೆದೊಯ್ಯುತ್ತಾರೆ. ಮೀನಿನ ದಾರ, ಬಲೆಯ ತುಂಡು, ಪ್ಲಾಸ್ಟಿಕ್ ಪಟ್ಟಿ ಕುತ್ತಿಗೆಗೆ ಸುತ್ತಿಕೊಂಡ ಸೀಲ್‌ಗಳನ್ನು ಆ ಕೆಲಸದವರು ದಿನಾ ನೋಡುತ್ತಿದ್ದರು. ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ, ಅದು ಮಾಂಸದೊಳಕ್ಕೆ ಇಳಿಯುತ್ತದೆ. ಅವರಲ್ಲಿ ಕೆಲವರು ಓಡಿಹೋಗಿ ಬಲೆ ಹಾಕಿ ಸೀಲ್ ಹಿಡಿದು, ದಾರ ಕತ್ತರಿಸಿ ಬಿಡಲು ಶುರು ಮಾಡಿದರು. ಅದೇ ಈಗ ಓಷನ್ ಕನ್ಸರ್ವೇಶನ್ ನಮೀಬಿಯಾ ಅನ್ನುವ ಸಂಸ್ಥೆ. ಅವರ ವಿಡಿಯೊಗಳನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಒಂದೇ ದೇಶ, ಒಂದೇ ಕರಾವಳಿ. ಒಂದು ಕಡೆ ಟೂರಿಸಂನವರು ಓಡಿಹೋಗಿ ದಾರ ಬಿಡಿಸುತ್ತಾರೆ, ಇನ್ನೊಂದು ಕಡೆ ಟೂರಿಸಂನವರು ಹತ್ತು ಗಂಟೆಯವರೆಗೆ ಕಾಯುತ್ತಾರೆ.

ಒತ್ತಡ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಕೆನಡಾ. ಅಲ್ಲಿ ಬಿಳಿ ತುಪ್ಪಳದ ಪುಟ್ಟ ಮರಿಗಳನ್ನು ಕೊಲ್ಲುತ್ತಿದ್ದರು. 1983ರಲ್ಲಿ ಯುರೋಪು ಆ ಚರ್ಮ ಬೇಡ ಅಂದಿತು. ಮರುವರ್ಷ ಬ್ರಿಟನ್ನಿನ ದೊಡ್ಡ ಅಂಗಡಿಗಳು ಕೆನಡಾದ ಮೀನನ್ನೇ ಕಪಾಟಿನಿಂದ ಇಳಿಸಿದವು. ಸೀಲ್ ವ್ಯಾಪಾರ ಚಿಕ್ಕದು, ಮೀನಿನ ವ್ಯಾಪಾರ ದೊಡ್ಡದು. ದೊಡ್ಡದಕ್ಕೆ ನೋವಾದಾಗ ಚಿಕ್ಕದನ್ನು ಬಿಡಬೇಕಾಯಿತು. 1987ರಲ್ಲಿ ಬಿಳಿ ಮರಿಗಳ ವಾಣಿಜ್ಯ ಬೇಟೆ ನಿಂತಿತು. ಸ್ವಲ್ಪ ದೊಡ್ಡ ಮರಿಗಳ ಬೇಟೆ ಇನ್ನೂ ಇದೆ, ಪೂರ್ತಿ ಗೆಲುವು ಅನ್ನಲಾರೆ. ನಮೀಬಿಯಾದಲ್ಲಿ ಆ ದೊಡ್ಡ ವ್ಯಾಪಾರದ ಜಾಗದಲ್ಲಿ ಇರುವುದು ಪ್ರವಾಸ. ಅದನ್ನು ನೋಡಿಯೇ ದಕ್ಷಿಣ ಆಫ್ರಿಕಾದ ಸೀಲ್ಸ್ ಆಫ್ ನಾಮ್ ಎಂಬ ಚಳವಳಿ ನಮೀಬಿಯಾ ಪ್ರವಾಸವನ್ನೇ ಬಹಿಷ್ಕರಿಸಿ ಅಂತ ಕರೆ ಕೊಟ್ಟಿತ್ತು.

ಇಲ್ಲಿ ನಾನು ಅವರಿಂದ ಸ್ವಲ್ಪ ದೂರ ನಿಲ್ಲುತ್ತೇನೆ. ಇಡೀ ದೇಶಕ್ಕೆ ಹೋಗಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮೀಬಿಯಾದಲ್ಲಿ 80ಕ್ಕೂ ಹೆಚ್ಚು ಕಡೆ ಹಳ್ಳಿಯವರೇ ಸೇರಿ ಕಾಡುಪ್ರಾಣಿಗಳನ್ನು ಕಾಯುತ್ತಾರೆ, ಅದರ ಆದಾಯದಲ್ಲಿ ಪ್ರವಾಸಿಗಳ ದುಡ್ಡು ದೊಡ್ಡದು. ನಮ್ಮ ಕೂನೋಗೆ 2022ರ ಸೆಪ್ಟೆಂಬರಿನಲ್ಲಿ ಎಂಟು ಚೀತಾ ಕೊಟ್ಟದ್ದೂ ಇದೇ ದೇಶ. ಸೀಲ್ ಬೇಟೆಯ ಮೇಲಿನ ಸಿಟ್ಟಿಗೆ ಅಲ್ಲಿಯ ಆನೆ, ಘೇಂಡಾಮೃಗ ಕಾಯುವವನ ಊಟ ಕಿತ್ತುಕೊಳ್ಳುವುದು ನ್ಯಾಯ ಅಲ್ಲ.

ಇನ್ನು ಕೆಲವರು, "ನಾವು ಯಾರು ಅವರಿಗೆ ಹೇಳಲು" ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. 2021ರ ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಕೋತಿಗಳನ್ನು ಕೊಂದು ಗೋಣಿಚೀಲದಲ್ಲಿ ತುಂಬಿ ರಸ್ತೆ ಬದಿ ಎಸೆದಿದ್ದರು. ಬೆಳೆ ಹಾಳು ಮಾಡುತ್ತವೆ ಅನ್ನುವ ಸಿಟ್ಟು ನಮ್ಮಲ್ಲೂ ಇದೆ. ವ್ಯತ್ಯಾಸ ಒಂದೇ. ಇಲ್ಲಿ ಅದನ್ನು ನೋಡಿ ಹೈಕೋರ್ಟು ತಾನಾಗಿಯೇ ಕೇಸು ಎತ್ತಿಕೊಂಡಿತು. ಆ ಗೋಣಿಚೀಲದ ಪಕ್ಕ ಯಾರೂ ಟಿಕೆಟು ಮಾರಲಿಲ್ಲ. ನಾನು ಅವರ ದೇಶಕ್ಕೆ ಬುದ್ಧಿ ಹೇಳುತ್ತಿಲ್ಲ. ನನ್ನ ದುಡ್ಡಿನ ಬಗ್ಗೆ ಮಾತಾಡುತ್ತಿದ್ದೇನೆ, ಅದನ್ನು ನೀವು ನನ್ನ ಪರವಾಗಿ ಎಲ್ಲಿ ಕಟ್ಟುತ್ತೀರಿ ಅನ್ನುವುದರ ಬಗ್ಗೆ.

ಈ ಮಾತು ನಿಮಗೇ ಯಾಕೆ ಅಂದರೆ, ನಿಮ್ಮ ಸೀಸನ್ನೂ ಅವರ ಬೇಟೆಯ ಸೀಸನ್ನೂ ಒಂದೇ. ಅಲ್ಲಿಯ ದೊಡ್ಡ ರಾಷ್ಟ್ರೀಯ ಉದ್ಯಾನ ಎತೋಶಾದಲ್ಲಿ ನೀರಿನ ಗುಂಡಿಗಳ ಸುತ್ತ ಪ್ರಾಣಿ ಸೇರುವುದು ಒಣ ತಿಂಗಳುಗಳಲ್ಲಿ, ಜುಲೈನಿಂದ ಅಕ್ಟೋಬರ್‌ವರೆಗೆ. ಆಗಲೇ ನೀವು ಜನ ಸೇರಿಸುತ್ತೀರಿ. ಎತೋಶಾದ ಜೊತೆ ಕೇಪ್ ಕ್ರಾಸ್ ಕೂಡ ಪ್ಯಾಕೇಜಿನಲ್ಲಿ ಸೇರಿರುತ್ತದೆ, ಬ್ರೋಷರಿನಲ್ಲಿ ಮುದ್ದಾದ ಮರಿಯ ಫೋಟೊ ಇರುತ್ತದೆ.

ನಾನು ಕೇಳುವುದು ಇಷ್ಟು. ಜುಲೈ 1ರಿಂದ ನವೆಂಬರ್ 15ರ ನಡುವಿನ ಟೂರುಗಳಿಂದ ಕೇಪ್ ಕ್ರಾಸ್ ತೆಗೆಯಿರಿ. ಸದ್ದಿಲ್ಲದೆ ತೆಗೆಯಬೇಡಿ, ಸದ್ದಿಲ್ಲದೆ ತೆಗೆದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಇನ್ಯಾರೋ ಗುಂಪು ಬಂದಿತು ಅಷ್ಟೇ. ಯಾಕೆ ಬರುತ್ತಿಲ್ಲ ಅಂತ ಎರಡೂ ಇಲಾಖೆಗೆ, ದೆಹಲಿಯಲ್ಲಿರುವ ಅವರ ಹೈಕಮಿಷನ್‌ಗೆ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆಯಿರಿ. ಎಷ್ಟು ಜನ, ಯಾವ ತಾರೀಕು ಬರಬೇಕಿತ್ತು ಅಂತ ಅದರಲ್ಲಿ ಇರಲಿ. ವ್ಯಾಪಾರಸ್ಥರ ಪತ್ರದಲ್ಲಿ ಅಂಕಿ ಇದ್ದರೆ ಅದನ್ನು ಓದುತ್ತಾರೆ. ನನ್ನಂಥವಳು ಕಳಿಸಿದ ಪತ್ರಕ್ಕೆ ಈವರೆಗೆ ಉತ್ತರ ಬಂದಿಲ್ಲ. ಆ ದಿನವನ್ನು ವಾಲ್ವಿಸ್ ಬೇಗೆ ಕೊಡಿ, ಕಯಾಕ್ ಹತ್ತಿಸಿ, ಸೀಲ್ ಅಲ್ಲೂ ಇದೆ. ಮರಿಗಳು ಹುಟ್ಟುವ ಡಿಸೆಂಬರಿನಲ್ಲಿ ಟೂರ್ ಇದ್ದರೆ ಕೇಪ್ ಕ್ರಾಸ್‌ಗೇ ಕರೆದುಕೊಂಡು ಹೋಗಿ, ಸಂತೋಷದಿಂದ ಟಿಕೆಟು ಕೊಳ್ಳೋಣ. ಯಾವ ತಿಂಗಳು ಬಂದೆವು, ಯಾವ ತಿಂಗಳು ಬರಲಿಲ್ಲ ಅನ್ನುವುದು ಅವರ ಪುಸ್ತಕದಲ್ಲೇ ಕಾಣಲಿ. ದಾರಿಯಲ್ಲಿ ಎಲ್ಲಾದರೂ ಸೀಲ್ ಚರ್ಮದ ಚಪ್ಪಲಿಯೋ ಪರ್ಸೋ ಕಂಡರೆ, ಕೊಂಡರೂ ನಮ್ಮ ದೇಶಕ್ಕೆ ತರುವಂತಿಲ್ಲ ಅಂತ ಗುಂಪಿಗೆ ಮೊದಲೇ ಹೇಳಿ.

ಇದ್ಯಾವುದೂ ಆಗದಿದ್ದರೆ ಕೊನೆಯ ಪಕ್ಷ ನಿಜ ಹೇಳಿ. ಬ್ರೋಷರಿನಲ್ಲಿ "ಗೇಟು ತೆರೆಯುವುದು ಹತ್ತಕ್ಕೆ" ಅಂತ ಬರೆಯುವ ಜಾಗದಲ್ಲಿ ಯಾಕೆ ಹತ್ತಕ್ಕೆ ಅಂತಲೂ ಒಂದು ಸಾಲು ಹಾಕಿ. ಬರುವವರು ತಿಳಿದು ಬರಲಿ.

ಮುಂದಿನ ಸೆಪ್ಟೆಂಬರಿಗೆ ನಾನು, ನನ್ನ ತಂಗಿ, ಹಳೆಯ ಬ್ಯಾಂಕಿನ ಇಬ್ಬರು ಗೆಳತಿಯರು ಮತ್ತೆ ಹೊರಡುವುದು ಅಂತ ಮಾತಾಡಿಕೊಂಡಿದ್ದೇವೆ. ನಾಲ್ಕು ಸೀಟು, ಅಡ್ವಾನ್ಸ್ ಸಿದ್ಧವಿದೆ. ನಿಮ್ಮ ಹೊಸ ಬ್ರೋಷರ್ ಬಂದ ಮೇಲೆ ಆ ಒಂದು ದಿನದ ಪುಟವನ್ನು ಮೊದಲು ಓದುತ್ತೇವೆ. ಆಮೇಲೆ ಯಾರಿಗೆ ಫೋನ್ ಮಾಡುವುದು ಅಂತ ನೋಡುತ್ತೇವೆ.

ಇಂತಿ,
ನಿಮ್ಮ ಹಳೆಯ ಗಿರಾಕಿ